ಹೆಬ್ಬಾವಿನ ಮರಿಗೆ ದೊಡ್ಡ ಗಾಜಿನ ತೊಟ್ಟಿಯೋ, ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆಯೋ?

ನಮಸ್ಕಾರ. ಒಹಾಯೋದಲ್ಲಿದ್ದೀರಿ, ಮಗಳ ಹನ್ನೆರಡನೆಯ ಹುಟ್ಟುಹಬ್ಬಕ್ಕೆ ಬಾಲ್ ಪೈಥಾನ್ ಮರಿಯೊಂದನ್ನು ತರುವುದಾಗಿ ಮಾತು ಕೊಟ್ಟಿದ್ದೀರಿ. ಅಂಗಡಿಯವರು 40 ಗ್ಯಾಲನ್‌ನ ಗಾಜಿನ ತೊಟ್ಟಿಯೇ ಬೇಕೆನ್ನುತ್ತಾರೆ, ಮರಿ ಮಾಡಿಸಿ ಮಾರುವವರು ಚಪ್ಪಲಿ ಡಬ್ಬಿಯಷ್ಟು ಪ್ಲಾಸ್ಟಿಕ್ ಪೆಟ್ಟಿಗೆ ಸಾಕೆನ್ನುತ್ತಾರೆ, ಯಾರ ಮಾತು ಕೇಳಲಿ ಎಂದು ಕೇಳಿದ್ದೀರಿ. ಮಿಷಿಗನ್‌ನಲ್ಲಿ ಒಂಬತ್ತು ವರ್ಷಗಳಿಂದ ಇದೇ ಜಾತಿಯ ಹಾವನ್ನು ಸಾಕುತ್ತಿದ್ದೇನೆ. ನನ್ನ ಉತ್ತರ ಇಷ್ಟು: ತೊಟ್ಟಿ ಯಾವುದೇ ಇರಲಿ, ಅದರೊಳಗೆ ಹುತ್ತ ಇರಬೇಕು.

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡಿತು ಎನ್ನುತ್ತೇವಲ್ಲ, ಈ ಹಾವಿನ ಮಟ್ಟಿಗೆ ಅದು ಅಕ್ಷರಶಃ ನಿಜ. ಘಾನಾ, ಟೋಗೊ, ಬೆನಿನ್ ದೇಶಗಳ ಹುಲ್ಲುಗಾವಲುಗಳಲ್ಲಿ ಅದು ಹಗಲಿಡೀ ಇಲಿಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಸುರುಳಿ ಸುತ್ತಿಕೊಂಡಿದ್ದು, ಕತ್ತಲಾದ ಮೇಲೆ ಹೊರಬರುತ್ತದೆ. ಹೆದರಿದರೆ ತಲೆಯನ್ನು ಮೈಯ ನಡುವೆ ಹುದುಗಿಸಿ ಚೆಂಡಿನಂತಾಗುತ್ತದೆ, ಹೆಸರು ಬಂದದ್ದು ಅದರಿಂದಲೇ. ಹುತ್ತದೊಳಗೆ ಏನಿರುತ್ತದೆ ಎಂದು ನೆನೆಸಿಕೊಳ್ಳಿ: ಕತ್ತಲು, ಬೆಚ್ಚನೆಯ ತೇವ, ಬೆನ್ನಿಗೆ ತಾಗುವ ಗೋಡೆ. ಈ ಮೂರನ್ನು ಒದಗಿಸಿದರೆ ನಿಮ್ಮ ಕೆಲಸ ಮುಕ್ಕಾಲು ಮುಗಿಯಿತು.

ನಾನು ಮೊದಲು ಇದನ್ನು ಅರಿಯಲಿಲ್ಲ. ಮರಿ ಬಂದದ್ದು ಜನವರಿಯಲ್ಲಿ, ನನ್ನ ಎರಡು ಬೆರಳಷ್ಟು ದಪ್ಪ. ಅಂಗಡಿಯಲ್ಲಿ ಕೊಟ್ಟಂತೆಯೇ ದೊಡ್ಡ ಗಾಜಿನ ತೊಟ್ಟಿ, ಮೇಲೆ ತಂತಿಜಾಲರಿಯ ಮುಚ್ಚಳ, ಅದರ ಮೇಲೆ ಕೆಂಪು ದೀಪ, ಮಧ್ಯದಲ್ಲಿ ಒಂದು ಅಗಲವಾದ ಮರದ ಪೊಟರೆ. ಐದು ವಾರ ಅದು ಏನನ್ನೂ ತಿನ್ನಲಿಲ್ಲ. ಪೊರೆ ಒಂದೇ ಕೊಳವೆಯಾಗಿ ಕಳಚುವ ಬದಲು ಈರುಳ್ಳಿ ಸಿಪ್ಪೆಯಂತೆ ಚೂರುಚೂರಾಗಿ ಬಂತು. ಒಂದು ರಾತ್ರಿ ಟಾರ್ಚ್ ಹಿಡಿದು ನೋಡಿದರೆ, ನೀರಿನ ಬಟ್ಟಲಿಗೂ ಗಾಜಿಗೂ ನಡುವಿನ ಬೆರಳಗಲದ ಸಂದಿಯಲ್ಲಿ ಮೈಯನ್ನು ಒತ್ತಿಕೊಂಡು ಕೂತಿತ್ತು. ಅಷ್ಟು ಜಾಗವಿದ್ದೂ ಅದಕ್ಕೆ ಬೇಕಾಗಿದ್ದದ್ದು ಆ ಸಂದಿ. ತೇವಮಾಪಕ ತಂದು ಇಟ್ಟಾಗ ಶೇ. 22 ತೋರಿಸಿತು. ಚಳಿಗಾಲದಲ್ಲಿ ಮನೆಯ ಹೀಟರ್ ಗಾಳಿಯನ್ನು ಒಣಗಿಸುತ್ತದೆ, ಉಳಿದ ತೇವವೂ ಜಾಲರಿಯಿಂದ ಹಾರಿಹೋಗುತ್ತದೆ. ಒಹಾಯೋದಲ್ಲಿ ನಿಮಗೂ ಇದೇ ತೊಂದರೆ ಎದುರಾಗುತ್ತದೆ.

ಜಾಲರಿಯ ಮುಕ್ಕಾಲು ಭಾಗವನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿದೆ. ಕೆಳಗೆ ಮೂರು ಅಂಗುಲ ದಪ್ಪಕ್ಕೆ ತೆಂಗಿನ ಸಿಪ್ಪೆಯ ಚೂರು ಹಾಸಿ ನೀರು ಚಿಮುಕಿಸಿದೆ. ಊರಿನಲ್ಲಿ ತೋಟದ ಮೂಲೆಗೆ ರಾಶಿ ಹಾಕುವ ಸಿಪ್ಪೆಯೇ ಇಲ್ಲಿ ಇಟ್ಟಿಗೆಯಂತೆ ಒತ್ತಿ ಮಾರಾಟವಾಗುತ್ತದೆ. ಅದು ನೀರು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ, ಬೇಗ ಬೂಸ್ಟು ಹಿಡಿಯುವುದಿಲ್ಲ. ಸೀಡರ್ ಮರದ ಹೊಟ್ಟನ್ನು ಮಾತ್ರ ಹಾಕಬೇಡಿ, ಅದರ ಎಣ್ಣೆ ಹಾವಿಗೆ ವಿಷ. ಆಮೇಲೆ ಎರಡು ಸಣ್ಣ ಮಣ್ಣಿನ ಕುಂಡಗಳನ್ನು ತಂದು, ಅಂಚಿನಲ್ಲಿ ಬಾಗಿಲಿನಷ್ಟು ಒಡೆದು, ಚೂಪು ಉಜ್ಜಿ ತೆಗೆದು, ಬೋರಲು ಹಾಕಿದೆ. ಒಂದು ಬಿಸಿ ಇರುವ ಕಡೆ, ಇನ್ನೊಂದು ತಂಪಿನ ಕಡೆ. ಒಂದನ್ನೇ ಇಟ್ಟರೆ ಹಾವು ಬೆಚ್ಚಗಿರುವುದಕ್ಕೂ ಅಡಗಿರುವುದಕ್ಕೂ ನಡುವೆ ಒಂದನ್ನು ಬಿಡಬೇಕಾಗುತ್ತದೆ, ಅದು ಯಾವಾಗಲೂ ಅಡಗುವುದನ್ನೇ ಆರಿಸುತ್ತದೆ. ಖಾಲಿ ಉಳಿದ ಜಾಗಕ್ಕೆಲ್ಲ ಪ್ಲಾಸ್ಟಿಕ್ ಎಲೆ, ತೊಗಟೆ, ಟಿಶ್ಯೂ ಸುರುಳಿಯ ರಟ್ಟಿನ ಕೊಳವೆ ತುಂಬಿದೆ.

ಎಂಟನೆಯ ದಿನ ಮುಸ್ಸಂಜೆ ಕುಂಡದ ಬಾಯಿಯಲ್ಲಿ ಮೂತಿ ಕಾಣಿಸಿತು. ಮೇಲ್ದುಟಿಯ ಉದ್ದಕ್ಕೂ ಶಾಖ ಗ್ರಹಿಸುವ ಸಣ್ಣ ಕುಳಿಗಳ ಸಾಲು, ನಾಲಗೆ ಒಂದೇ ಸಮನೆ ಒಳಗೆ ಹೊರಗೆ. ಬೆಚ್ಚಗೆ ಮಾಡಿದ ಇಲಿಮರಿಯನ್ನು ಇಕ್ಕಳದಲ್ಲಿ ಹಿಡಿದು ಮುಂದೆ ಚಾಚಿದೆ. ಎರಗಿದ್ದೇ ತಿಳಿಯಲಿಲ್ಲ, ಮೂರು ಸುತ್ತು ಬಿಗಿದಿತ್ತು. ಆ ರಾತ್ರಿ ನೆಮ್ಮದಿಯಿಂದ ಮಲಗಿದೆ.

ಆದ್ದರಿಂದ ಅಂಗಡಿಯವರ ತೊಟ್ಟಿ ಮರಿಗೆ ದೊಡ್ಡದಾಯಿತು ಎನ್ನುವುದು ನಿಜವಲ್ಲ, ಬಯಲಾಗಿದ್ದರೆ ಮಾತ್ರ ದೊಡ್ಡದು. ಚಪ್ಪಲಿ ಡಬ್ಬಿಯಲ್ಲಿ ತೇವ ಚೆನ್ನಾಗಿ ನಿಲ್ಲುತ್ತದೆ, ಮರಿ ತಿನ್ನುತ್ತದೆ ಕೂಡ, ಒಪ್ಪುತ್ತೇನೆ. ಆದರೆ ಅಷ್ಟು ಚಿಕ್ಕದರಲ್ಲಿ ಒಂದು ತುದಿ ಬಿಸಿ, ಇನ್ನೊಂದು ತಂಪು ಎಂದು ಬೇರ್ಪಡಿಸುವುದು ಕಷ್ಟ. ನಿಮ್ಮ ಜಾಗದಲ್ಲಿದ್ದರೆ ನಾನು ಮುಂದಿನಿಂದ ತೆರೆಯುವ ಪಿವಿಸಿ ಪೆಟ್ಟಿಗೆಯನ್ನೇ ಕೊಳ್ಳುತ್ತಿದ್ದೆ. ಮೇಲಿನಿಂದ ಇಳಿಯುವ ಕೈ ಮರಿಗೆ ಹದ್ದಿನಂತೆ ಕಾಣುತ್ತದೆ, ಎದುರಿನಿಂದ ಬರುವ ನಿಮ್ಮ ಮಗಳ ಕೈಗೆ ಬೇಗ ಒಗ್ಗುತ್ತದೆ. ಬೆಳೆದ ಹಾವು ಮೂರರಿಂದ ಐದು ಅಡಿ, ಅದಕ್ಕೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ ಬೇಕು. ಯಾವುದೇ ಆದರೂ ಬಾಗಿಲಿಗೆ ಬೀಗವಿರಲಿ, ಇವು ಮೂತಿಯಿಂದ ನೂಕಿ ತಪ್ಪಿಸಿಕೊಳ್ಳುವುದರಲ್ಲಿ ಗಟ್ಟಿಗರು.

ಬಿಸಿಯ ಕಡೆ 32 ಡಿಗ್ರಿ ಸೆಲ್ಸಿಯಸ್, ಅಂದರೆ ಇಲ್ಲಿನ ಫ್ಯಾರನ್‌ಹೀಟ್ ಅಳತೆಯಲ್ಲಿ 90. ತಂಪಿನ ಕಡೆ 25ರಿಂದ 27 ಡಿಗ್ರಿ ಸೆಲ್ಸಿಯಸ್. ತೇವ ಶೇ. 60ರಿಂದ 70, ಕಣ್ಣು ಹಾಲುಬಣ್ಣಕ್ಕೆ ತಿರುಗಿ ಪೊರೆ ಬಿಡುವ ಹೊತ್ತಿಗೆ ಇನ್ನಷ್ಟು. ಹೀಟ್ ಪ್ಯಾಡ್ ಆಗಲಿ ಬಲ್ಬ್ ಆಗಲಿ, ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಒಂದು ದಿನವೂ ಉರಿಸಬೇಡಿ. ಹೊಟ್ಟೆಯ ಚರ್ಮ ಸುಡುತ್ತಿದ್ದರೂ ಹಾವು ಎಷ್ಟೋ ಸಲ ಅಲ್ಲಿಂದ ಏಳುವುದೇ ಇಲ್ಲ. ಅದೇ ಕಾರಣಕ್ಕೆ ಬಿಸಿ ಕಲ್ಲು ಎಂದು ಮಾರುವುದನ್ನು ತರಲೇಬೇಡಿ. ಒಳಗೆ ಅಂಟುಪಟ್ಟಿಯನ್ನೂ ಹಚ್ಚಬೇಡಿ, ಅಂಟಿಕೊಂಡರೆ ಚರ್ಮ ಕಿತ್ತು ಬರುತ್ತದೆ.

ಊರಿನಲ್ಲಿರುವ ಯಾರಾದರೂ ಇದನ್ನು ಓದುತ್ತಿದ್ದರೆ: ನಮ್ಮ ಕಾಡಿನ ಹೆಬ್ಬಾವು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಅನುಸೂಚಿಯಲ್ಲಿದೆ. ಅದನ್ನು ಮನೆಯಲ್ಲಿ ಸಾಕುವುದು ಅಪರಾಧ. ಮರಿ ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ.

ಮಗಳಿಗೂ ಒಂದು ಮಾತು ಹೇಳಿ. ಈ ಹಾವುಗಳು ಸಾಕಿದರೆ ಇಪ್ಪತ್ತು ಮೂವತ್ತು ವರ್ಷ ಬದುಕುತ್ತವೆ. ಸೇಂಟ್ ಲೂಯಿಸ್ ಮೃಗಾಲಯದಲ್ಲಿ 1961ರಿಂದ ಇದ್ದ ಹೆಣ್ಣೊಂದು 2020ರಲ್ಲಿ ಮೊಟ್ಟೆ ಇಟ್ಟಿತು. ಮಗಳು ಕಾಲೇಜಿಗೆ ಹೋದ ಮೇಲೆ ಪೆಟ್ಟಿಗೆಗೆ ನೀರು ಚಿಮುಕಿಸುವವರು ಯಾರು ಎಂದು ಈಗಲೇ ಮಾತಾಡಿಕೊಳ್ಳಿ.

ಮರಿಯನ್ನು ತರುವ ಒಂದು ವಾರ ಮೊದಲೇ ಪೆಟ್ಟಿಗೆ ಸಿದ್ಧವಾಗಿ ಓಡುತ್ತಿರಲಿ. ಬೆಳಿಗ್ಗೆ, ರಾತ್ರಿ ಎರಡೂ ತುದಿಯ ಬಿಸಿ ಮತ್ತು ತೇವವನ್ನು ಮಗಳ ಕೈಯಲ್ಲೇ ಬರೆಸಿ. ಆ ಅಂಕಿಗಳನ್ನು ಇಲ್ಲಿ ಹಾಕಿದರೆ ನಾನು ನೋಡಿ ಹೇಳುತ್ತೇನೆ.