ಎಸ್‌ಎಲ್‌ಎಸ್ (ಲೇಸರ್‌ನಿಂದ ಪುಡಿ ಕರಗಿಸಿ ಪೀಸ್ ಮಾಡುವ 3ಡಿ ಪ್ರಿಂಟಿಂಗ್) ಮಷಿನ್‌ನಲ್ಲಿ ಉಳಿದ ನೈಲಾನ್ ಪುಡಿಯನ್ನು ಎಷ್ಟು ಸಲ ಬಳಸಬಹುದು?

ಎಷ್ಟು ಸಲ ಅನ್ನೋ ಲೆಕ್ಕವನ್ನೇ ಬಿಡಿ. ಇದೇ ಲೆಕ್ಕ ನಂಬಿ ದಾವಣಗೆರೆಯಲ್ಲಿ ಶೆಡ್ ಹಿಡಿದು, ಸೆಕೆಂಡ್ ಹ್ಯಾಂಡ್ ಮಷಿನ್ ಕೂರಿಸಿ ಕೈ ಸುಟ್ಟುಕೊಂಡವನು ನಾನು.

ಮೆಕ್ಕೆಜೋಳದ ತೇವಾಂಶ ನೋಡುವ ಮೀಟರ್‌ಗೆ ಬಾಡಿ ಮಾಡಿಕೊಡುವ ಆರ್ಡರ್ ಸಿಕ್ಕಿತ್ತು. ನೈಲಾನ್ 12 ಪುಡಿ ದುಬಾರಿ ಅಲ್ವಾ? ಒಂದು ಬಿಲ್ಡ್‌ನಲ್ಲಿ, ಅಂದರೆ ಮಷಿನ್ ಒಂದು ಸಲ ಓಡಿದಾಗ, ಲೇಸರ್ ಬಿದ್ದು ಪೀಸ್ ಆಗುವುದು ಸ್ವಲ್ಪವೇ. ಮಿಕ್ಕಿದ್ದು ಸುತ್ತ ಪುಡಿಯಾಗೇ ನಿಂತು ಪೀಸ್‌ಗೆ ಆಸರೆ ಕೊಡುತ್ತದೆ. ಲೇಸರ್ ಮುಟ್ಟಿಲ್ಲ ಅಂದಮೇಲೆ ಅದು ಹೊಸದೇ ಅಂದುಕೊಂಡು, ಜರಡಿ ಹಿಡಿದು ಮತ್ತೆ ಮತ್ತೆ ಅದನ್ನೇ ಸುರಿದೆ.

ಲೇಸರ್ ಮುಟ್ಟದಿದ್ದರೂ ಬಿಸಿ ಮುಟ್ಟಿರುತ್ತದೆ ನೋಡಿ. ಈ ಪುಡಿ ಕರಗುವುದು 180 ಡಿಗ್ರಿ ದಾಟಿದ ಮೇಲೆ. ಮಷಿನ್ ಪುಡಿಯ ಇಡೀ ಹಾಸನ್ನು 170ರ ಆಸುಪಾಸು ಕಾಯಿಸಿಟ್ಟಿರುತ್ತದೆ, ಲೇಸರ್ ಕೊಡುವುದು ಮಿಕ್ಕ ಚೂರು ಬಿಸಿ ಮಾತ್ರ. 0.1 ಮಿಲಿಮೀಟರಿನ ಪದರ ಒಂದರ ಮೇಲೊಂದು ಏರಿ, ಆಮೇಲೆ ನಿಧಾನಕ್ಕೆ ಆರುವವರೆಗೂ ಸುತ್ತಲಿನ ಪುಡಿ ಗಂಟೆಗಟ್ಟಲೆ ಬೇಯುತ್ತಲೇ ಇರುತ್ತದೆ. ಅಷ್ಟರಲ್ಲಿ ನೈಲಾನಿನ ಅಣುಗಳ ಸರಪಳಿ ಒಂದಕ್ಕೊಂದು ಕೂಡಿ ಉದ್ದವಾಗುತ್ತದೆ. ಕರಗಿದರೂ ಮಂದವಾಗಿ ಕೂರುತ್ತದೆ, ಪಕ್ಕದ ಕಣದ ಜೊತೆ ಸರಿಯಾಗಿ ಬೆರೆಯಲ್ಲ. ನೈಟ್ರೋಜನ್ ತುಂಬಿದ್ದೀನಲ್ಲ ಅಂತ ನೆಮ್ಮದಿಯಾಗಿರಬೇಡಿ. ಅದು ಪುಡಿ ಹಳದಿಯಾಗುವುದನ್ನು ತಡೆಯುತ್ತದೆ, ಸರಪಳಿ ಉದ್ದವಾಗುವುದನ್ನಲ್ಲ.

ನನ್ನ ಪೀಸ್‌ಗಳ ಮೈ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಯಿತು. ನಾನು ಸುಮ್ನೆ ಮಷಿನ್ ಮೇಲೆ ಅನುಮಾನಪಟ್ಟು ಲೇಸರ್ ಪವರ್ ಏರಿಸುತ್ತಾ ಕೂತೆ. ಅಷ್ಟರಲ್ಲಿ ಪಾರ್ಟಿಯವರು ಇಡೀ ಲಾಟ್ ವಾಪಸ್ ಕಳಿಸಿ, ಅಡ್ವಾನ್ಸ್ ಕೂಡ ವಸೂಲಿ ಮಾಡಿಕೊಂಡರು.

ಪ್ರತಿ ಬಿಲ್ಡ್‌ಗೂ ಹೊಸ ಪುಡಿ ಬೆರೆಸಲೇಬೇಕು. ಸಾಮಾನ್ಯವಾಗಿ 30ರಿಂದ 50 ಪರ್ಸೆಂಟ್. ನಿಮ್ಮ ಪುಡಿಗೆ ಎಷ್ಟು ಅಂತ ಅದನ್ನು ಮಾರುವವರೇ ಹೇಳುತ್ತಾರೆ, ಅದಕ್ಕಿಂತ ಕಡಿಮೆ ಮಾಡಬೇಡಿ. ಅನುಮಾನ ಬಂದರೆ ಎಂಎಫ್‌ಐ ಟೆಸ್ಟ್ ಮಾಡಿಸಿ, ಕರಗಿದ ಪ್ಲಾಸ್ಟಿಕ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆಯುವ ಟೆಸ್ಟ್ ಅದು. ಪ್ಲಾಸ್ಟಿಕ್ ಪೈಪ್ ಮಾಡುವವರ ಹತ್ತಿರ ಆ ಮಷಿನ್ ಇರುತ್ತದೆ. ಆದರೆ ಅವರು ಪಾಲಿಥೀನ್‌ಗೆ 190 ಡಿಗ್ರಿ ಇಟ್ಟಿರುತ್ತಾರೆ, ನೀವು ಪುಡಿ ಒಣಗಿಸಿಕೊಂಡು ಹೋಗಿ 235ಕ್ಕೆ ಇಡಿಸಿ.

ನೈಲಾನ್ 11 ಒಳ್ಳೆಯದಾ ಅಂತಲೂ ಕೇಳಿದ್ದೀರಿ. ಅದು ಹರಳೆಣ್ಣೆಯಿಂದ ಬರುವುದು, ಬಾಗಿದರೂ ಬೇಗ ಮುರಿಯಲ್ಲ. ಆದರೆ ನಿಮ್ಮ ತಲೆನೋವು ಅದಲ್ಲ. ಸಣ್ಣ ಪೀಸ್ ಒಂದಕ್ಕೋಸ್ಕರ ಪೆಟ್ಟಿಗೆ ತುಂಬ ಪುಡಿ ಬೇಯಿಸುವುದೇ ದೊಡ್ಡ ನಷ್ಟ. ಮೂರ್ನಾಲ್ಕು ಗಿರಾಕಿಗಳ ಕೆಲಸ ಸೇರಿ ಪೆಟ್ಟಿಗೆ ಚೆನ್ನಾಗಿ ತುಂಬುವವರೆಗೆ ಮಷಿನ್ ಹಚ್ಚಬೇಡಿ. ಅರ್ಜೆಂಟ್ ಅನ್ನುವವರಿಗೆ ಬೇಯುವ ಪುಡಿಯ ದುಡ್ಡನ್ನೂ ಸೇರಿಸಿ ಕೋಟ್ ಕೊಡಿ.