ಪ್ರತಿಕ್ರಿಯೆ: ಶಾರ್ಟ್ಸ್ ಓಡ್ತು, ಉದ್ದ ವಿಡಿಯೋ ಯಾರೂ ನೋಡ್ತಿಲ್ಲ
ಯೂಟ್ಯೂಬ್‌ನಲ್ಲಿ ನಿಮ್ಮ ಜೋಳದ ರೊಟ್ಟಿ ಶಾರ್ಟ್ಸ್ (ಚಿಕ್ಕ ವಿಡಿಯೋ) ವೈರಲ್ ಆಗಿ ಸಬ್‌ಸ್ಕ್ರೈಬರ್ಸ್ ಬಂದ್ರು, ಉದ್ದ ವಿಡಿಯೋಗೆ ಮಾತ್ರ ವ್ಯೂಸ್ ಇಲ್ಲ ಅಂದ್ರಲ್ಲ, ಅದು ಮಾಮೂಲಿ ಬಿಡಿ, ಬೆರಳಲ್ಲಿ ತಳ್ಕೊಂಡು ಹೋಗೋರೇ ಬೇರೆ ಕೂತು ನೋಡೋರೇ ಬೇರೆ. ಮಾನಿಟೈಸೇಶನ್‌ಗೆ (ಚಾನೆಲ್‌ನಿಂದ ದುಡ್ಡು ಬರೋಕೆ) ಬೇಕಾದ 4,000 ಗಂಟೆ ವೀಕ್ಷಣೆಗೂ ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ್ದು ಲೆಕ್ಕಕ್ಕೆ ಬರಲ್ಲ. ಯೂಟ್ಯೂಬ್ ಸ್ಟುಡಿಯೋದಲ್ಲಿ ರಿಟೆನ್ಶನ್ ಗ್ರಾಫ್ (ಜನ ಎಲ್ಲೀವರೆಗೆ ನೋಡಿದ್ರು ಅಂತ ತೋರ್ಸೋದು) ತೆಗೆದು ನೋಡಿ, ‘ನಮಸ್ಕಾರ ಸ್ನೇಹಿತ್ರೆ, ಬೆಲ್ ಐಕಾನ್ ಒತ್ತಿ’ ಅನ್ನೋ ಕಡೆನೇ ಗೆರೆ ದಬಕ್ಕಂತ ಬಿದ್ದಿರುತ್ತೆ (ಎಲ್ಲಾರ್ದೂ ಅದೇ ಕಥೆ). ಅದನ್ನ ಕಿತ್ಹಾಕಿ, ಸೀದಾ ಬಿಸಿನೀರಲ್ಲಿ ಹಿಟ್ಟು ನಾದೋದ್ರಿಂದ ಶುರು ಮಾಡಿ. ಕಾಮೆಂಟ್‌ನಲ್ಲಿ ‘ಅಂಚು ಯಾಕೆ ಒಡೆಯುತ್ತೆ’ ಅಂತ ಕೇಳಿರ್ತಾರಲ್ಲ, ಅದೇ ಮುಂದಿನ ವಿಡಿಯೋ. ಹಳೇ ಶಾರ್ಟ್ಸ್‌ಗೆ ಉದ್ದ ವಿಡಿಯೋಗೆ ಹೋಗೋ ರಿಲೇಟೆಡ್ ವಿಡಿಯೋ ಲಿಂಕ್ ಹಾಕೋದು ಮರೀಬೇಡಿ. ದಿನಾ ವಿಡಿಯೋ ಹಾಕ್ಲೇಬೇಕು ಅಂತೇನಿಲ್ಲ, ವಾರಕ್ಕೊಂದಾದ್ರೂ ಸಾಕು, ಸಬ್‌ಸ್ಕ್ರೈಬರ್ ನಂಬರ್ ಬಿಟ್ಟು ವಾಪಸ್ ಬರೋರು ಎಷ್ಟು ಅಂತ ನೋಡ್ಕೊಳ್ತಾ ಇರಿ.