ಮಣಿ ಮಿರಮಿರ ಮಿಂಚಬೇಕಾ? ನೇಲ್ ಪಾಲಿಶ್ ಬಾಟ್ಲಿ ಮುಚ್ಚಿಡಿ

ಹೋದ ತಿಂಗಳು ಪಾಲಿಮರ್ ಕ್ಲೇ (ಬೇಕ್ ಮಾಡಿದ್ರೆ ಗಟ್ಟಿಯಾಗೋ ಮೆತ್ತನೆ ಪ್ಲಾಸ್ಟಿಕ್) ಓಲೆ ಮಾಡೋದು ಹೇಗೆ ಅಂತ ಬರೆದಿದ್ದೇ ತಡ, ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. ಅದೇ ಕ್ಲೇಯಲ್ಲಿ ಮಾಡಿದ ಮಣಿ ನುಣುಪಾಗ್ತಿಲ್ಲ, ಏನ್ಮಾಡ್ಲಿ? ಹಾಗಾಗಿ ಈ ಸಲ ಪೂರ್ತಿ ಅದೇ.

ಪ್ರಶ್ನೆ (ಹಾಸನದಿಂದ): ಅಕ್ಕ, ಸರಕ್ಕೆ ಅಂತ ನಲವತ್ತು ಮಣಿ ಮಾಡಿ ಓಟಿಜಿಯಲ್ಲಿ (ಚಿಕ್ಕ ಕರೆಂಟ್ ಓವನ್) ಬೇಕ್ ಮಾಡಿದೆ. ಮೇಲೆಲ್ಲ ಬೆರಳಚ್ಚು ಕಾಣ್ತಿತ್ತು. ಮನೇಲಿ ಮರಗೆಲಸದವರು ಬಿಟ್ಟು ಹೋಗಿದ್ದ ಉಪ್ಪುಕಾಗದ ತಗೊಂಡು ಉಜ್ಜಿದ್ರೆ ಬೆರಳಚ್ಚು ಹೋಯ್ತು, ಅದರ ಬದಲು ಬಿಳಿ ಬಿಳಿ ಗೀರು ಬಂತು. ಅಂಗಡಿ ಮಣಿ ಥರ ನುಣ್ಣಗೆ ಆಗೋದೇ ಇಲ್ವಾ?

ಉತ್ತರ: ಆಗುತ್ತೆ. ನಾನೂ ಮೊದಲ್ನೇ ಸಲ ಮಾಡಿದ್ದು ಇದೇ ತಪ್ಪು, ಅದೂ 80 ನಂಬರ್ ಕಾಗದದಲ್ಲಿ, ಮಣಿ ನೋಡಿದ್ರೆ ಬೆಕ್ಕು ಪರಚಿದ ಹಾಗಿತ್ತು. ಮರಕ್ಕೆ ಉಜ್ಜೋ ಕಾಗದ ಇದಕ್ಕೆ ಬೇಡ. ಕಾರಿಗೆ ಪೇಂಟ್ ಹೊಡೆಯೋರು ನೀರು ಹಾಕಿ ಉಜ್ಜೋ ಕಪ್ಪು ಕಾಗದ ಇರುತ್ತಲ್ಲ, ವಾಟರ್ ಪೇಪರ್ ಅಂತಾರೆ, ಅದು ಬೇಕು, ಪೇಂಟ್ ಅಂಗಡೀಲಿ ಕೇಳಿದ್ರೆ ಕೊಡ್ತಾರೆ. 400, 600, 800, 1000, 1500, 2000 ನಂಬರಿನ ಒಂದೊಂದು ಹಾಳೆ ತಗೊಳ್ಳಿ. ನಂಬರ್ ಜಾಸ್ತಿ ಆದಷ್ಟೂ ಕಾಗದ ನಯ.

ಒಂದು ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು, ಅದಕ್ಕೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ತೊಟ್ಟು. ಹಳೇ ಸ್ಪಂಜಿನ ಮೇಲೆ ಕಾಗದದ ತುಂಡು ಸುತ್ತಿ, ಮಣೀನ ನೀರೊಳಗೇ ಇಟ್ಕೊಂಡು ಸುತ್ತಿಸ್ತಾ ಉಜ್ಜಿ, ಸ್ಪಂಜಿದ್ರೆ ಕಾಗದ ಮಣಿಯ ಉರುಟಿಗೆ ಬಾಗುತ್ತೆ, ಇಲ್ಲಾಂದ್ರೆ ಮಣಿ ಮೇಲೆ ಚಪ್ಪಟೆ ಚಪ್ಪಟೆ ಮುಖ ಬರುತ್ತೆ. ಒಣಗಿದ ಮಣಿ ಮಾತ್ರ ಉಜ್ಜಲೇಬೇಡಿ, ಆ ಪುಡಿ ಮೂಗಿಗೆ ಹೋಗುತ್ತೆ. ಹೆಸರಲ್ಲಿ ಕ್ಲೇ ಅಂತಿದ್ರೂ ಇದರಲ್ಲಿ ಮಣ್ಣಿಲ್ಲ, ಇದು ಪಿವಿಸಿ ಪ್ಲಾಸ್ಟಿಕ್ಕು, ಮೆತ್ತಗಿರಲಿ ಅಂತ ಪ್ಲಾಸ್ಟಿಸೈಜರ್ ಸೇರಿಸಿರ್ತಾರೆ ಅಷ್ಟೆ. ಅದಕ್ಕೇ ಉಜ್ಜಿದ ನೀರನ್ನ ಗಿಡಕ್ಕೂ ಹಾಕ್ಬೇಡಿ. ಒಂದು ರಾತ್ರಿ ಹಾಗೇ ಬಿಟ್ರೆ ಪುಡಿ ತಳಕ್ಕೆ ಕೂರುತ್ತೆ, ಪೇಪರಲ್ಲಿ ಒರೆಸಿ ಕಸಕ್ಕೆ ಹಾಕಿ.

ಈಗ ಎಲ್ಲರೂ ಎಡವೋ ಜಾಗಕ್ಕೆ ಬರೋಣ. ಬೆರಳಚ್ಚು, ಗುಂಡಿ, ತಗ್ಗು ಎಲ್ಲ ಹೋಗ್ಬೇಕಾಗಿರೋದು 400ರಲ್ಲೇ. ಅದಾದ್ಮೇಲೆ ಬರೋ ಕಾಗದಗಳೆಲ್ಲ ಹಿಂದಿನ ಕಾಗದ ಮಾಡಿದ ಗೀರು ತೆಗೆಯೋಕೆ ಮಾತ್ರ. 400 ಆದ ಕೂಡ್ಲೇ ಅವಸರಕ್ಕೆ 1500ಕ್ಕೆ ಹಾರಿದ್ರೆ ದೊಡ್ಡ ಗೀರು ಹಾಗೇ ಉಳಿಯುತ್ತೆ, ಅದರ ಮೇಲೆ ಹೊಳಪು ಬೇರೆ ಬಂದು ಇನ್ನೂ ಎದ್ದು ಕಾಣುತ್ತೆ. ಒಂದೊಂದು ನಂಬರಿಗೂ ಉಜ್ಜೋ ದಿಕ್ಕು ಬದಲಾಯಿಸಿ, ಹಳೇ ಗೀರು ಉಳಿದಿದ್ರೆ ಅಡ್ಡಡ್ಡ ಕಾಣುತ್ತೆ. ಪ್ರತೀ ಸಲ ನೀರು ಚೆಲ್ಲಿ ಮಣಿ ತೊಳೀರಿ, 400ರ ಒಂದು ಕಾಳು ಅಂಟ್ಕೊಂಡಿದ್ರೂ ಸಾಕು ಕೆಲಸ ಕೆಡಿಸೋಕೆ. ಒದ್ದೆ ಮಣಿ ಯಾವಾಗ್ಲೂ ಚೆನ್ನಾಗೇ ಕಾಣುತ್ತೆ, ನಂಬ್ಬೇಡಿ. ಒರೆಸಿ, ಒಣಗಿಸಿ, ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿ ನೋಡಿ, ಆಮೇಲೆ ಮುಂದಿನ ನಂಬರ್. ನನಗೆ ಒಂದು ಮಣಿಗೆ ಹತ್ತು ಹನ್ನೆರಡು ನಿಮಿಷ ಬೇಕು, ಹಾಡು ಕೇಳ್ಕೊಂಡು ಮಾಡ್ತೀನಿ.

ಕೊನೇಲಿ ಹಳೇ ಜೀನ್ಸ್ ಬಟ್ಟೇಲಿ ಎರಡು ಮೂರು ನಿಮಿಷ ಜೋರಾಗಿ ತಿಕ್ಕಿ. ರೇಷ್ಮೆ ಥರದ ಮಂದ ಹೊಳಪು ಬರುತ್ತೆ. ಗಾಜಿನ ಹೊಳಪು ಬರೀ ಕೈಯಲ್ಲಿ ಬರಲ್ಲ, ಸುಳ್ಳು ಯಾಕೆ ಹೇಳ್ಲಿ.

ನಿಮ್ಮ ನಲವತ್ತು ಮಣಿ ಕೆಟ್ಟಿಲ್ಲ, 400ರಿಂದ ಶುರು ಮಾಡಿ, ಸರಿಹೋಗುತ್ತೆ. ಮುಂದಿನ ಸಲ ಮಾತ್ರ ಬೇಕ್ ಮಾಡೋಕೆ ಮುಂಚೆನೇ ಅರ್ಧ ಕೆಲಸ ಮುಗಿಸ್ಕೊಳ್ಳಿ. ಮಣೀನ ಉಂಡೆ ಕಟ್ಟೋ ಹಾಗೆ ಒತ್ತಬಾರದು, ಕೊನೇ ಸುತ್ತಲ್ಲಿ ಅಂಗೈ ಮಧ್ಯೆ ತಾಗಿಯೂ ತಾಗದ ಹಾಗೆ ಉರುಳಿಸ್ಬೇಕು. ಬೆರಳ ತುದಿಗೆ ಚೂರೇ ಚೂರು ಕಾರ್ನ್‌ಫ್ಲೋರ್ ಹಚ್ಕೊಂಡ್ರೆ ಅಚ್ಚು ಕಮ್ಮಿ ಬೀಳುತ್ತೆ. ಬಿದ್ದಿದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್ (ಗಾಯ ಒರೆಸೋ ಸ್ಪಿರಿಟ್ ಥರದ್ದು) ಅದ್ದಿದ ಇಯರ್‌ಬಡ್‌ನಲ್ಲಿ ಹಗೂರಕ್ಕೆ ಸವರಿ. ತೂತು ಮಾಡೋಕೆ ಮುಂಚೆ ಮಣಿ ಸ್ವಲ್ಪ ಹೊತ್ತು ಹಾಗೇ ಇರ್ಲಿ, ತಣ್ಣಗಾದ್ರೆ ಆಕಾರ ಕೆಡಲ್ಲ. ಟ್ರೇ ಮೇಲೆ ನೇರ ಇಟ್ರೆ ತಾಗಿದ ಕಡೆ ಚಪ್ಪಟೆಯಾಗಿ ಹೊಳೆಯೋ ಮಚ್ಚೆ ಆಗುತ್ತೆ, ಕಬಾಬ್ ಕಡ್ಡಿಗೆ ಪೋಣಿಸಿ ಒಂದು ಬ್ರೆಡ್ ಟಿನ್ ಮೇಲೆ ಅಡ್ಡ ಇಟ್ಬಿಡಿ.

ಪ್ರಶ್ನೆ (ಹುಬ್ಬಳ್ಳಿಯಿಂದ): ಮೇಡಂರೀ, ನಾ ಮಾಡಿದ ಮಣಿಗೆ ಟ್ರಾನ್ಸ್‌ಪರೆಂಟ್ ನೇಲ್ ಪಾಲಿಶ್ ಹಚ್ಚಿದ್ದೆರಿ. ಅವತ್ತ ಭಾಳ ಚಂದ ಹೊಳೀತಿದ್ವು. ಎರಡ ತಿಂಗಳ ಬಿಟ್ಟ ಡಬ್ಬಿ ತೆಗದ ನೋಡಿದ್ರ ಒಂದಕ್ಕೊಂದ ಅಂಟ್ಕೊಂಡ ಕುಂತಾವ. ಏನ್ ತಪ್ಪಾತ್ರೀ?

ಉತ್ತರ: ತಪ್ಪಾಗಿದ್ದು ನೇಲ್ ಪಾಲಿಶ್ಶೇ. ಅದರಲ್ಲಿರೋ ದ್ರಾವಕಕ್ಕೂ ಕ್ಲೇ ಒಳಗಿರೋ ಪ್ಲಾಸ್ಟಿಸೈಜರ್‌ಗೂ ಆಗಿಬರಲ್ಲ, ಮೇಲ್ಪದರ ಮೆತ್ತಗಾಗಿ ಅಂಟಾಗುತ್ತೆ, ಅದೂ ಇವತ್ತು ನಾಳೆ ಅಲ್ಲ, ನೀವು ಯಾರಿಗೋ ಗಿಫ್ಟ್ ಕೊಟ್ಟು ಮರೆತ ಮೇಲೆ. ಸ್ಪ್ರೇ ವಾರ್ನಿಶ್‌ಗಳಲ್ಲೂ ಎಷ್ಟೋ ಹೀಗೇ ಮಾಡ್ತವೆ. ಅಂಟಿರೋ ಮಣಿಗಳನ್ನ ಮೆಲ್ಲಗೆ ಬಿಡಿಸಿ, ಅದೇ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತೀಲಿ ಬಂದಷ್ಟು ಒರೆಸಿ, ಉಳಿದಿದ್ದನ್ನ ವಾಟರ್ ಪೇಪರಲ್ಲಿ ತೆಗೀರಿ. ಎಲ್ಲವೂ ಉಳಿಯುತ್ತೆ ಅಂತ ಹೇಳಲ್ಲ. ಹೊಳಪು ಬೇಕೇ ಬೇಕು ಅಂದ್ರೆ ವಾಟರ್ ಬೇಸ್ಡ್ ಪಾಲಿಯುರೆಥೇನ್ ವಾರ್ನಿಶ್ ಸಿಗುತ್ತೆ, ತೆಳ್ಳಗೆ ಎರಡು ಕೋಟ್, ಒಂದು ಪೂರ್ತಿ ಒಣಗಿದ ಮೇಲೆ ಇನ್ನೊಂದು. ಆದ್ರೆ ಉಜ್ಜದೇ ಇರೋ ಮಣಿಗೆ ವಾರ್ನಿಶ್ ಬಳಿದ್ರೆ ಬೆರಳಚ್ಚೇ ಫಳಫಳ ಹೊಳೆಯುತ್ತೆ, ನೆನಪಿರ್ಲಿ.

ಪ್ರಶ್ನೆ (ಮೈಸೂರಿಂದ): ಮೈಕ್ರೋವೇವಲ್ಲಿ ಬೇಕ್ ಮಾಡಬಹುದಾ?

ಉತ್ತರ: ಬೇಡ. ಓಟಿಜಿ ಇದ್ರೆ ಸರಿ, ಒಳಗೊಂದು ಬೇರೆ ಥರ್ಮಾಮೀಟರ್ ಇಡಿ, ತಿರುಗಿಸೋ ನಾಬ್ ಮೇಲಿರೋ ನಂಬರಿಗೂ ಒಳಗಿನ ಬಿಸಿಗೂ ಸುಮಾರು ಸಲ ಹೊಂದಲ್ಲ. ಫಿಮೋ ಬ್ರಾಂಡಿನ ಕ್ಲೇಗೆ 110 ಡಿಗ್ರಿ ಸೆಲ್ಸಿಯಸ್, ಸ್ಕಲ್ಪಿ ಬ್ರಾಂಡಿನ ಪ್ರೀಮೋಗೆ ಸುಮಾರು 135, ನಿಮ್ಮ ಪ್ಯಾಕೆಟ್ ಮೇಲೆ ಇರೋದೇ ಕೊನೇ ಮಾತು. ಕಮ್ಮಿ ಬೆಂದ ಮಣಿ ಎಷ್ಟು ಉಜ್ಜಿದ್ರೂ ಹೊಳೆಯಲ್ಲ, ಪುಡಿ ಉದುರುತ್ತೆ. ಜಾಸ್ತಿಯಾಗಿ ಕರಟಿದ್ರೆ ಬರೋ ಹೊಗೆ ಕೆಟ್ಟದ್ದು, ಸ್ವಿಚ್ ಆಫ್ ಮಾಡಿ ಕಿಟಕಿ ತೆಗೆದು ಹೊರಗೆ ಹೋಗಿ.

ಪ್ರಶ್ನೆ (ಮಂಡ್ಯದಿಂದ): ಭಾವನ ಹತ್ರ ಚಿಕ್ಕ ರೋಟರಿ ಮಷಿನ್ ಐತೆ, ಕೈಯಲ್ಲಿ ಹಿಡಿಯೋದು, ತುದೀಲಿ ಚಕ್ರ ತಿರುಗ್ತದೆ. ಅದರಲ್ಲಿ ಪಾಲಿಶ್ ಮಾಡಿದ್ರೆ ಬೇಗ ಆಯ್ತದಾ?

ಉತ್ತರ: ಗಾಜಿನ ಹೊಳಪು ಬರೋದೇ ಅದರಲ್ಲಿ. ಆದ್ರೆ 2000ದ ತನಕ ಕೈಯಲ್ಲಿ ಉಜ್ಜಿ ಆದ ಮೇಲೆ, ಅದಕ್ಕೆ ಮುಂಚೆ ಅಲ್ಲ. ಮೆತ್ತನೆ ಮಸ್ಲಿನ್ ಬಟ್ಟೆಯ ಚಕ್ರ ಹಾಕಿ, ಸ್ಪೀಡ್ ಕಮ್ಮಿ ಇಟ್ಕೊಂಡು, ತಾಗಿಸೀ ತಾಗಿಸದ ಹಾಗೆ ಹಿಡೀರಿ. ಒಂದೇ ಕಡೆ ನಿಲ್ಲಿಸಿದ್ರೆ ಬಿಸಿಗೆ ಕ್ಲೇ ಕರಗಿ ಕಾಲುವೆ ಬೀಳುತ್ತೆ. ಮಣಿ ಕೈಯಿಂದ ಚಿಮ್ಮೋದೂ ಉಂಟು, ನನ್ನದೊಂದು ಹೋಗಿದ್ದು ಫ್ರಿಜ್ ಹಿಂದೆ, ಇನ್ನೂ ಸಿಕ್ಕಿಲ್ಲ. ಕಣ್ಣಿಗೆ ಗಾಗಲ್ಸ್ ಇರ್ಲಿ, ಜಡೆ ಮೇಲಕ್ಕೆ ಕಟ್ಟಿ, ಸೆರಗೋ ದುಪಟ್ಟಾನೋ ಸಿಕ್ಕಿಸ್ಕೊಳ್ಳಿ. ಮೆಟಲ್‌ಗೆ ಹಾಕೋ ಪಾಲಿಶ್ ಸೋಪು ಚಕ್ರಕ್ಕೆ ಬಳೀಬೇಡಿ, ಬಿಳಿ ಮಣಿ ಮೇಲೆ ಅದರ ಬಣ್ಣ ಕೂತ್ರೆ ಹೋಗಲ್ಲ.

ಪ್ರಶ್ನೆ (ಚನ್ನಪಟ್ಟಣದಿಂದ): ನಮ್ಮೂರಲ್ಲಿ ಬೊಂಬೆಗೆ ಅರಗು ಹಾಕಿ ಎಲೆಯಲ್ಲಿ ಉಜ್ಜಿ ಹೊಳಪು ಕೊಡ್ತಾರಲ್ಲ, ಅದನ್ನೇ ಕ್ಲೇ ಮಣಿಗೂ ಮಾಡಬಹುದಾ?

ಉತ್ತರ: ಪ್ರಶ್ನೆ ಚೆನ್ನಾಗಿದೆ, ಆದ್ರೆ ಆಗಲ್ಲ. ಅಲ್ಲಿ ಮರ ಕಡೆಯೋ ಲೇತ್ ಮೇಲೆ ಮರ ಗಿರಗಿರ ತಿರುಗುವಾಗ ಅರಗಿನ ಕಡ್ಡಿ ಒತ್ತಿದ್ರೆ ಆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡ್ಕೊಳ್ಳುತ್ತೆ, ಆಮೇಲೆ ಎಲೆ ಒತ್ತಿ ಅದನ್ನ ಒಂದೇ ಸಮ ಹರಡಿ ಹೊಳಪು ತರ್ತಾರೆ. ಅರಗು ಕರಗೋ ಅಷ್ಟು ಬಿಸಿ ಒತ್ತಿ ಕೊಟ್ರೆ ಕ್ಲೇ ಮಣಿ ಮೆತ್ತಗಾಗಿ ಆಕಾರ ಕಳ್ಕೊಳ್ಳುತ್ತೆ. ಬೊಂಬೆ ಕೆಲಸ ಬಲ್ಲೋರು ಪಕ್ಕದ ಬೀದೀಲೇ ಇರುವಾಗ ಮರದ ಮಣೀನೇ ಕಲೀರಿ ಅಂತೀನಿ ನಾನು.

ಪ್ರಶ್ನೆ (ಸಾಗರದಿಂದ): ಚಿನ್ನದ ಬಣ್ಣದ ಮೈಕಾ ಪುಡಿ ಸವರಿ ಬೇಕ್ ಮಾಡಿದ ಮಣಿ ಇದೆ. ಇದನ್ನೂ ನೀರಲ್ಲಿ ಉಜ್ಜಬೇಕಾ? ಏರ್ ಡ್ರೈ ಕ್ಲೇ (ಬೇಕ್ ಮಾಡದೇ ಗಾಳೀಲೇ ಒಣಗೋದು) ಮಣಿಗೂ ಇದೇ ಮಾಡಬಹುದಾ?

ಉತ್ತರ: ಮೈಕಾ ಮಣಿ ಉಜ್ಜಿದ್ರೆ ಚಿನ್ನ ಪೂರ್ತಿ ಬಟ್ಟಲಿಗೆ ಹೋಗುತ್ತೆ. ಪುಡಿ ಮೇಲ್ಗಡೆ ಮಾತ್ರ ಕೂತಿರೋದು, ಅದಕ್ಕೆ ವಾರ್ನಿಶ್ ಒಂದೇ ದಾರಿ. ಏರ್ ಡ್ರೈ ಕ್ಲೇ ಬೇರೆ ಜಾತಿ, ನೀರು ತಾಗಿದ್ರೆ ಮತ್ತೆ ಮೆತ್ತಗಾಗುತ್ತೆ, ಅದನ್ನ ಮಾಸ್ಕ್ ಹಾಕ್ಕೊಂಡು, ಮನೆ ಹೊರಗೆ ಕೂತು, ನಯ ಕಾಗದದಲ್ಲಿ ಒಣಗಿದ್ದಾಗಲೇ ಉಜ್ಜಬೇಕು. ನಿಮ್ಮೂರ ಮಳೆಗಾಲದಲ್ಲಿ ಅದು ಒಣಗೋಕೇ ವಾರ ಹಿಡಿದ್ರೂ ಆಶ್ಚರ್ಯ ಇಲ್ಲ, ಅಲ್ಲೀವರೆಗೂ ಕಾಗದ ಮುಟ್ಬೇಡಿ.